ಮುಂದಿನ ಅಚ್ಚು ತಗ್ಗಿದಾಗ

ಮೂತಿಯನ್ನು ನೆಲದತ್ತ ಬಾಗಿಸಿ ನಿಂತ 1932ರ ಫೋರ್ಡ್ ಕಾರಿನ ಚಿತ್ರವನ್ನು ನೀವು ನೋಡಿರಬಹುದು. ಕಾರ್ಖಾನೆಯಿಂದ ಅದು ಹಾಗೆ ಬಂದದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮ್ಯೂರಾಕ್ ಎಂಬ ಒಣ ಸರೋವರವಿದೆ. 1930ರ ದಶಕದಲ್ಲಿ ಅದರ ಚಪ್ಪಟೆ ನೆಲದ ಮೇಲೆ ತರುಣರು ಫೋರ್ಡ್ ಕಾರುಗಳನ್ನು ಓಡಿಸಿ ವೇಗ ಅಳೆಯುತ್ತಿದ್ದರು. ಇಂಥ ಹವ್ಯಾಸಿಗಳ ಕೈಯಲ್ಲೇ ಕಾರನ್ನು ತಗ್ಗಿಸುವ ಕಲೆ ಬೆಳೆಯಿತು. ಕಣ್ಣಿಗೆ ಚೆಂದ ಎಂಬುದೂ ಒಂದು ಕಾರಣವೆಂದು ಒಪ್ಪಿಕೊಳ್ಳೋಣ.

ಈ ಕಾರಿನ ಮುಂದಿನ ಅಚ್ಚು ಇಂಗ್ಲಿಷಿನ 'ಐ' ಅಕ್ಷರದ ಅಡ್ಡಕೊಯ್ತವುಳ್ಳ ಒಂದೇ ಉಕ್ಕಿನ ತೊಲೆ. ಅದರ ತುದಿಗಳನ್ನು ಕೆಂಪಗೆ ಕಾಯಿಸಿ ಮೇಲಕ್ಕೆ ಬಗ್ಗಿಸಿದರೆ ಚಕ್ರಗಳು ಇದ್ದ ಎತ್ತರದಲ್ಲೇ ಉಳಿದು ನಡುಭಾಗ ಕೆಳಗಿಳಿಯುತ್ತದೆ. ಜೊತೆಗೆ ಕಾರಿನ ಮೂತಿಯೂ ಇಳಿಯುತ್ತದೆ.

ತೊಂದರೆ ಶುರುವಾಗುವುದು ಇಲ್ಲಿಯೇ. ನಿಮ್ಮ ಸೈಕಲ್ಲಿನ ಮುಂದಿನ ಫೋರ್ಕನ್ನು ಗಮನಿಸಿ. ಹ್ಯಾಂಡಲ್ ತಿರುಗುವ ಅಕ್ಷ ನೆಟ್ಟಗಿಲ್ಲ, ಅದರ ಮೇಲ್ತುದಿ ಹಿಂದಕ್ಕೆ ವಾಲಿದೆ. ಆ ಗೆರೆಯನ್ನು ಕೆಳಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ತಾಗುತ್ತದೆ. ಟೈರು ಹಿಂದೆ ಎಳೆಯಲ್ಪಡುವುದರಿಂದ ತಾನಾಗಿ ನೇರವಾಗಲು ನೋಡುತ್ತದೆ. ಕಾರಿನಲ್ಲಿ ಈ ವಾಲಿಕೆಗೆ ಕ್ಯಾಸ್ಟರ್ ಕೋನ ಎನ್ನುತ್ತಾರೆ. ಇಂಥ ಫೋರ್ಡ್‌ಗಳಲ್ಲಿ ಅದು ಸುಮಾರು 5 ಡಿಗ್ರಿ ಇದ್ದರೆ ಒಳ್ಳೆಯದು.

ಈಗ ಒಂದು ಲೆಕ್ಕ. 1932ರ ಫೋರ್ಡಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ 106 ಅಂಗುಲ. ಮೂತಿಯನ್ನು ಮಾತ್ರ 4 ಅಂಗುಲ ಇಳಿಸಿದರೆ ಇಡೀ ಕಾರು 2 ಡಿಗ್ರಿಗಿಂತ ತುಸು ಹೆಚ್ಚು ಮುಂದಕ್ಕೆ ವಾಲುತ್ತದೆ. ಅಷ್ಟೇ ಕ್ಯಾಸ್ಟರ್ ಕರಗುತ್ತದೆ. ಉಳಿದದ್ದು 3 ಡಿಗ್ರಿಯೂ ಇಲ್ಲ! ನಿಧಾನವಾಗಿ ಹೋಗುವಾಗ ಸ್ಟೀರಿಂಗ್ ಹಗುರವಾಯಿತೆಂದು ಸಂತೋಷವಾದೀತು. ವೇಗ ಏರಿದಾಗ ಕಾರು ದಾರಿ ಹಿಡಿಯದೆ ಅಲೆಯುತ್ತದೆ, ಆಗ ಪ್ರಾಣಕ್ಕೇ ಸಂಚಕಾರ. ಅಚ್ಚನ್ನು ಹಿಂದಿನಿಂದ ಹಿಡಿದಿಡುವ ವಿಷ್‌ಬೋನ್ ಎಂಬ ಕವಲು ಸರಳಿನ ಹಿಂತುದಿಯನ್ನು ಕೊಂಚ ಕೆಳಗಿಳಿಸಿದರೆ ಕಳೆದ ಕೋನ ಮರಳಿ ಬರುತ್ತದೆ.

ಎರಡು ಚಕ್ರಗಳನ್ನು ಜೋಡಿಸುವ ಅಡ್ಡಸರಳು ಈ ವಿಷ್‌ಬೋನಿಗೆ ತಗಲಬಹುದು. ಅದನ್ನು ತಪ್ಪಿಸಲು ಸ್ಟೀರಿಂಗ್ ತೋಳುಗಳನ್ನೂ ಕೆಳಕ್ಕೆ ಬಗ್ಗಿಸುತ್ತಾರೆ. ಬಗ್ಗಿಸುವಾಗ ಅವುಗಳ ಒಳವಾಲಿಕೆ ಕೆಡಬಾರದು. ತಿರುವಿನಲ್ಲಿ ಒಳಚಕ್ರ ಹೊರಚಕ್ರಕ್ಕಿಂತ ಹೆಚ್ಚು ತಿರುಗಬೇಕೆಂಬ ಈ ತತ್ವಕ್ಕೆ ಆಕರ್‌ಮನ್ ಹೆಸರಿದೆ. 1818ರಲ್ಲಿ ಅವರು ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು ಕುದುರೆಗಾಡಿಗಾಗಿ!

ವಿಷ್‌ಬೋನನ್ನು ಸೀಳಿ ಎರಡು ತುದಿಗಳನ್ನು ಚಾಸಿಯ ಇಕ್ಕೆಲಗಳಿಗೆ ಬಿಗಿಯುವವರೂ ಉಂಟು. ಆಗ ಒಂದು ಚಕ್ರ ಮಾತ್ರ ಗುಂಡಿಗಿಳಿದರೆ ಅಚ್ಚು ತಿರುಚಿಕೊಳ್ಳಲೇಬೇಕು. 'ಐ' ಆಕಾರದ ತೊಲೆ ಅದಕ್ಕೆ ಸ್ವಲ್ಪ ಒಪ್ಪುತ್ತದೆ. ನೋಡಲು ನಯವಾದ ಕೊಳವೆ ಅಚ್ಚು ಒಪ್ಪುವುದಿಲ್ಲ. ಆ ಬಲವೆಲ್ಲ ಕೊಂಡಿಗಳ ಮೇಲೂ ಬೆಸುಗೆಗಳ ಮೇಲೂ ಬೀಳುತ್ತದೆ.