ಟೈರ್ ಗಾಡಿ ಬಂದ ದಾರಿ

ಬೆಂಗಳೂರಿನ ಐಐಎಂ 1973ರಲ್ಲಿ ಶುರುವಾದಾಗ ಅದರ ಮೊದಲ ನಿರ್ದೇಶಕರಾಗಿದ್ದವರು ಎನ್. ಎಸ್. ರಾಮಸ್ವಾಮಿ. ಕಂಪನಿ ನಡೆಸುವ ವಿದ್ಯೆ ಕಲಿಸುವ ಸಂಸ್ಥೆಯ ಮುಖ್ಯಸ್ಥರು ಹಟ ಹಿಡಿದು ಕೂತ ವಿಷಯ ಎತ್ತಿನಗಾಡಿ. ದೇಶದಲ್ಲಿ ಆಗ ಒಂದು ಕೋಟಿಗೂ ಮೀರಿ ಗಾಡಿಗಳಿದ್ದವು. ಲಾರಿಗೆ, ರೈಲಿಗೆ ಸಾವಿರಾರು ಎಂಜಿನಿಯರುಗಳು ದುಡಿಯುತ್ತಿರುವಾಗ ಗಾಡಿಯನ್ನು ಮಾತ್ರ ಯಾರೂ ಕಣ್ಣೆತ್ತಿ ನೋಡಿಲ್ಲ ಎಂಬುದು ಅವರ ವಾದದ ತಿರುಳು. ಮದ್ದೂರು ಸೀಮೆಯ ಕಬ್ಬಿನ ಗಾಡಿಗಳ ಕಥೆ ಕೆದಕಿದವರಿಗೆ ಅವರು ಎಷ್ಟು ಸರಿ ಎನ್ನುವುದು ಬೇಗ ತಿಳಿಯುತ್ತದೆ.

ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಗದ್ದೆಯಿಂದ ಕಾರ್ಖಾನೆಗೆ ಕಬ್ಬು ಸಾಗಬೇಕಿತ್ತು, ಅದಕ್ಕೆ ಹಳ್ಳಿಕಾರ್ ಎತ್ತುಗಳಿದ್ದವು, ಮರದ ಚಕ್ರದ ಗಾಡಿಗಳಿದ್ದವು.

ಆ ಚಕ್ರ ಎದೆಮಟ್ಟ ಬರುವಷ್ಟು ಎತ್ತರ. ಬಡಗಿ ಮರದ ತುಂಡುಗಳನ್ನು ಒಂದಕ್ಕೊಂದು ಬೆಸೆದು ಸುತ್ತು ಮುಗಿಸಿದ ಮೇಲೆ, ಅಳತೆಗೆ ತುಸು ಕಿರಿದಾದ ಕಬ್ಬಿಣದ ಪಟ್ಟಿಯನ್ನು ಸೌದೆ, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಿದ್ದರು. ಕಾದು ಹಿಗ್ಗಿದ ಪಟ್ಟಿಯನ್ನು ಇಬ್ಬರು ಮೂವರು ಇಕ್ಕಳದಲ್ಲಿ ಎತ್ತಿ ಚಕ್ರಕ್ಕೆ ಇಳಿಸಿ, ಸುತ್ತಿಗೆಯಲ್ಲಿ ಬಡಿದು ಕೂರಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ತಣಿದ ಕಬ್ಬಿಣ ಕುಗ್ಗಿ ಮರದ ಸಂದುಗಳನ್ನೆಲ್ಲ ಅಮುಕಿ ಹಿಡಿಯುತ್ತದೆ. ಒಂದು ಮೊಳೆಯ ಹಂಗಿಲ್ಲದೆ ಇಡೀ ಚಕ್ರ ಬಿಗಿಯಾಗುತ್ತದೆ. ಈ ಕಸುಬು ಬಲ್ಲವರು ಈಗ ಸಿಕ್ಕರೆ ಪುಣ್ಯ. ಒಬ್ಬರಾದರೂ ಉಳಿದಿರುವಾಗಲೇ ಅದನ್ನು ಚಿತ್ರೀಕರಿಸಿ ಇಡಬೇಕು.

ಇದಕ್ಕೆ ಎದುರಾಳಿಯಾಗಿ ಬಂದದ್ದು ಟೈರ್ ಗಾಡಿ: ಗಿಡ್ಡ ಚಕ್ರ, ಕಬ್ಬಿಣದ ಅಚ್ಚು, ಬೇರಿಂಗು. ಗಾಳಿ ತುಂಬಿದ ಟೈರು ಮೋಟಾರಿನ ಮಗು ಎಂದುಕೊಂಡಿದ್ದೇವೆ. ಆದರೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಮೋಟಾರು ಕಾರೇ ಇರಲಿಲ್ಲ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಅವನು ಅದನ್ನು ಪರೀಕ್ಷಿಸಿದ್ದು ಕುದುರೆ ಗಾಡಿಗೆ ಕಟ್ಟಿ. ಪ್ರಾಣಿಯ ಎಳೆತ ಹಗುರಾಗಬೇಕೆಂಬುದೇ ಮೊದಲ ಆಸೆ. ಆ ಆಸೆ ಮದ್ದೂರಿನ ಎತ್ತಿನ ಹೆಗಲು ಮುಟ್ಟಲು ನೂರು ವರ್ಷದ ಆಚೀಚೆ ಹಿಡಿಯಿತು.

ಟೈರು ಬಂದದ್ದರಿಂದ ಗಾಡಿ ಸುಧಾರಿಸಿತೇ? ಡಾಂಬರು ರಸ್ತೆಯಲ್ಲಿ, ಹೌದು. ಎಳೆತ ಹಗುರ, ಹೇರು ಹೆಚ್ಚು, ರಸ್ತೆಯೂ ಕಿತ್ತುಹೋಗದು. ಆದರೆ ಗದ್ದೆ ಬದಿಯ ಗಾಡಿಜಾಡಿನ ಗುಂಡಿಯನ್ನು ಎತ್ತರದ ಚಕ್ರ ಹತ್ತಿ ಇಳಿಯುವಷ್ಟು ಸಲೀಸಾಗಿ ಗಿಡ್ಡ ಟೈರು ಹತ್ತುವುದಿಲ್ಲ. ಇಳಿಜಾರಿನಲ್ಲಂತೂ ಹಗುರಾಗಿ ಉರುಳುವ ಗುಣವೇ ಮುಳುವಾಗುತ್ತದೆ. ಬ್ರೇಕಿಲ್ಲದ ಗಾಡಿಯಾದರೆ ಟನ್ನುಗಟ್ಟಲೆ ಕಬ್ಬು ಹಿಂದಿನಿಂದ ಎತ್ತುಗಳನ್ನು ನೂಕುತ್ತದೆ. ಮುಂಬಾರವಾದರೆ ನೊಗ ಹೆಗಲನ್ನು ಅರೆಯುತ್ತದೆ, ಹಿಂಬಾರವಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಗಂಟಲು ಬಿಗಿಯುತ್ತದೆ. ಟೈರು ಹಾಕಿಸಿದ ಧೈರ್ಯದಲ್ಲಿ ಹೇರು ಹೆಚ್ಚಿಸಿದವರು ಇದನ್ನು ಮರೆತರು. ರಾಮಸ್ವಾಮಿ ಮರೆಯಲಿಲ್ಲ. ಚಕ್ರ, ಬೇರಿಂಗು, ಬ್ರೇಕು, ನೊಗ ಇವೆಲ್ಲ ಒಟ್ಟಿಗೆ ಬದಲಾಗಬೇಕು, ಎತ್ತಿನ ಹೆಗಲ ಹುಣ್ಣು ಮಾಯಬೇಕು ಎಂದು ದಶಕಗಟ್ಟಲೆ ಹೇಳುತ್ತ ಬಂದರು.

ರೇಸ್ ಕಾರಿನ ಲೋಕವೂ ಅದೇ ಕಾಲದಲ್ಲಿ ಇದೇ ಪಾಠ ಕಲಿಯಿತು. 1976ರಲ್ಲಿ ಟಿರೆಲ್ ತಂಡದ ಡೆರೆಕ್ ಗಾರ್ಡ್ನರ್ ಆರು ಚಕ್ರದ ಫಾರ್ಮುಲಾ ಒನ್ ಕಾರು ಇಳಿಸಿದರು. ಮುಂದೆ ಹತ್ತಂಗುಲದ ನಾಲ್ಕು ಪುಟ್ಟ ಚಕ್ರ, ಹಿಂದೆ ದೊಡ್ಡವು ಎರಡು. ಗಾಳಿಯ ತಡೆ ಕಡಿಮೆಯಾಗಲಿ, ತಿರುವಿನಲ್ಲಿ ಹಿಡಿತ ಹೆಚ್ಚಲಿ ಎಂಬ ಲೆಕ್ಕಾಚಾರ. ಜೂನ್ 13ರಂದು ಸ್ವೀಡನ್ನಿನಲ್ಲಿ ಆ ಕಾರಿಗೆ ಮೊದಲೆರಡು ಸ್ಥಾನವೂ ಸಿಕ್ಕಿತು. ಮರುವರ್ಷ ಹಿಂದಿನ ದೊಡ್ಡ ಟೈರುಗಳು ಸುಧಾರಿಸುತ್ತ ಹೋದವು, ಈ ಒಂದೇ ತಂಡಕ್ಕೆ ಬೇಕಿದ್ದ ಪುಟ್ಟ ಟೈರು ಹಿಂದುಳಿಯಿತು. ಮುಂದಿನ ಹಿಡಿತಕ್ಕೂ ಹಿಂದಿನ ಹಿಡಿತಕ್ಕೂ ತಾಳೆ ತಪ್ಪಿ ಕಾರು ಮೂಲೆ ಸೇರಿತು.

ಟಿರೆಲ್ ಕಾರನ್ನು ಇಂದಿಗೂ ಮ್ಯೂಸಿಯಮ್ಮುಗಳಲ್ಲಿ ಒರೆಸಿ ಇಟ್ಟಿದ್ದಾರೆ. ನಮ್ಮ ಗಾಡಿಗೆ ಆ ಮರ್ಯಾದೆಯೂ ಇಲ್ಲ. ಕಬ್ಬು ಟ್ರ್ಯಾಕ್ಟರಿನ ಟ್ರೇಲರಿಗೆ ಹೋಯಿತು. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥದ ಮುಖ್ಯರಸ್ತೆಗೆ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ, ಎಂಜಿನ್ ಇಲ್ಲದ ವಾಹನಗಳಿಗೂ ಇಲ್ಲ. ಆ ವೇಗದ ರಸ್ತೆಯಿಂದ ಗಾಡಿ ದೂರವಿರುವುದು ಎತ್ತಿಗೂ ಕ್ಷೇಮ, ಅದರಲ್ಲಿ ನನ್ನ ತಕರಾರಿಲ್ಲ.

ಆದರೆ ಗೊಬ್ಬರ, ಮೇವು, ಹುಲ್ಲು ಹೇರಿಕೊಂಡು ಹೊಲದಿಂದ ಹಟ್ಟಿಗೆ ಬರುವ ಗಾಡಿ ಇನ್ನೂ ಇದೆ, ಅದರ ಎತ್ತಿನ ಹೆಗಲೂ ಇದೆ. ಇಳಿಜಾರಿನಲ್ಲಿ ಹಿಡಿಯುವ ಒಂದು ಬ್ರೇಕು, ಹೆಗಲು ಅರೆಯದ ಒಂದು ನೊಗ ಇಷ್ಟೇ ಬಾಕಿಯಿರುವ ಕೆಲಸ. ಮಂಡ್ಯದಲ್ಲಿ 1962ರಿಂದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಒಂದು ವರ್ಷದ ಪ್ರಾಜೆಕ್ಟಿನಲ್ಲಿ ಮುಗಿಯುತ್ತದೆ.