ಭಾಸ್ಕರಾಚಾರ್ಯರ ಲೆಕ್ಕ ಕ್ವಾಂಟಂ ಕಂಪ್ಯೂಟರಿಗೆ ಬಂದಾಗ

ಒಂದು ಪೂರ್ಣಸಂಖ್ಯೆ ಹುಡುಕಬೇಕು. ಅದರ ವರ್ಗವನ್ನು 61ರಿಂದ ಗುಣಿಸಿ ಒಂದು ಕೂಡಿಸಿದರೆ ಬರುವುದೂ ಒಂದು ವರ್ಗಸಂಖ್ಯೆಯೇ ಆಗಿರಬೇಕು. 61ರ ಜಾಗದಲ್ಲಿ 60 ಇದ್ದರೆ ಉತ್ತರ 4: ನಾಲ್ಕರ ವರ್ಗ 16, ಅದರ ಅರವತ್ತು ಪಟ್ಟು 960, ಒಂದು ಕೂಡಿಸಿದರೆ 961, ಅದು 31ರ ವರ್ಗ. 62 ಇದ್ದರೆ ಉತ್ತರ 8. ಎರಡನ್ನೂ ಹೈಸ್ಕೂಲಿನ ಹುಡುಗರು ಕಾಗದವಿಲ್ಲದೆ ಹೇಳಿಯಾರು. ನಡುವೆ ಕೂತಿರುವ 61 ಮಾತ್ರ ಬೇರೆ ಜಾತಿಯದು. ಅದಕ್ಕೆ ಸಿಗುವ ಅತಿ ಚಿಕ್ಕ ಉತ್ತರವೇ 22,61,53,980!

ಈ ಲೆಕ್ಕವನ್ನು 1150ರ ಸುಮಾರಿಗೆ ತಮ್ಮ 'ಬೀಜಗಣಿತ'ದಲ್ಲಿ ಬಿಡಿಸಿ ತೋರಿಸಿದವರು ಭಾಸ್ಕರಾಚಾರ್ಯರು. 1114ರಲ್ಲಿ ಹುಟ್ಟಿದ ಅವರು ತಮ್ಮ ಊರನ್ನು ವಿಜ್ಜಡವಿಡ ಎಂದು ಕರೆದುಕೊಂಡಿದ್ದಾರೆ. ಅದು ಇಂದಿನ ವಿಜಯಪುರವೇ ಎಂದು ಹಲವು ಗಣಿತ ಚರಿತ್ರೆಗಳು ಬರೆದಿವೆ, ಜಿಲ್ಲೆಯ ಜನರೂ ಹಾಗೇ ನಂಬಿದ್ದಾರೆ. ಆದರೆ ಆ ಊರು ಸಹ್ಯಾದ್ರಿಯ ಬಳಿ ಎಂದು ಅವರೇ ಹೇಳಿದ್ದಾರೆ. ವಿಜಯಪುರದ ಬಯಲಿಗೂ ಸಹ್ಯಾದ್ರಿಗೂ ದೂರ ಬಹಳ. ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಪಾಟಣದಲ್ಲಿ, ಅವರ ಗ್ರಂಥಗಳನ್ನು ಕಲಿಸಲು ಮೊಮ್ಮಗ ಚಂಗದೇವ ಮಠ ಕಟ್ಟಿಸಿದ ಶಾಸನವೂ ಸಿಕ್ಕಿದೆ. ಹೀಗಾಗಿ ವಿದ್ವಾಂಸರಲ್ಲಿ ವಾದ ಇನ್ನೂ ಮುಗಿದಿಲ್ಲ. ಊರು ಯಾವುದಾದರೂ ಆಗಲಿ, ಆ ಲೆಕ್ಕ ಎಂಟೂವರೆ ಶತಮಾನ ದಾಟಿ 2002ರಲ್ಲಿ ಕ್ವಾಂಟಂ ಕಂಪ್ಯೂಟರಿನ ಸಂಶೋಧನೆಗೆ ಬಂದು ಸೇರಿತು. ವಿಜಯಪುರದ ವಿಜ್ಞಾನ ವಿದ್ಯಾರ್ಥಿಗಳಿಗೆ ಮೊದಲು ಹೇಳಬೇಕಾದ ಕಥೆ ಇದು.

ಭಾಸ್ಕರಾಚಾರ್ಯರು ಬಳಸಿದ್ದು ಚಕ್ರವಾಲ ಎಂಬ ವಿಧಾನ. ಅವರಿಗಿಂತ ಮೊದಲೇ ಜಯದೇವ ಎಂಬ ಗಣಿತಜ್ಞ ಇದನ್ನು ಬಲ್ಲವನಾಗಿದ್ದ. ಹೆಜ್ಜೆಗಳು ಹೀಗಿವೆ. 1ರ ವರ್ಗದ 61 ಪಟ್ಟಿಗೆ, ಅಂದರೆ 61ಕ್ಕೆ, ಹತ್ತಿರದ ವರ್ಗ 64, ಅದು 8ರ ವರ್ಗ. ಬೇಕಾದ ಶೇಷ 1, ಸಿಕ್ಕಿದ್ದು 3. ಈಗ 8ಕ್ಕೆ ಕೂಡಿಸಿದರೆ 3ರಿಂದ ಭಾಗವಾಗುವ, ತನ್ನ ವರ್ಗ 61ಕ್ಕೆ ಆದಷ್ಟು ಹತ್ತಿರವಿರುವ ಸಂಖ್ಯೆ ಆರಿಸಬೇಕು. ಅದು 7. ಅದನ್ನು ಬಳಸಿದಾಗ 8 ಮತ್ತು 1ರ ಜೋಡಿ 39 ಮತ್ತು 5 ಆಗುತ್ತದೆ. 39ರ ವರ್ಗ 1521, 5ರ ವರ್ಗದ 61 ಪಟ್ಟು 1525. ಶೇಷ ಮೈನಸ್ 4. ಇಲ್ಲಿಗೆ ಬಂದರೆ ಅರ್ಧ ದಾರಿ ಸವೆದಂತೆ. ಏಕೆಂದರೆ ಎರಡು ಜೋಡಿಗಳನ್ನು ಬೆಸೆದು ಮೂರನೆಯದನ್ನು ಪಡೆಯುವ 'ಭಾವನಾ' ಸೂತ್ರವನ್ನು ಬ್ರಹ್ಮಗುಪ್ತ 628ರಲ್ಲೇ ಕೊಟ್ಟಿದ್ದ. ಬೆಸೆಯುತ್ತ ಹೋದರೆ 29,718 ಮತ್ತು 3,805 ಸಿಗುತ್ತವೆ, ಶೇಷ ಮೈನಸ್ 1. ಈ ಜೋಡಿಯನ್ನು ಅದರೊಂದಿಗೇ ಬೆಸೆದರೆ, ಅಂದರೆ ಎರಡನ್ನೂ ಗುಣಿಸಿ ಇಮ್ಮಡಿ ಮಾಡಿದರೆ, 22,61,53,980 ಕೈಗೆ ಬರುತ್ತದೆ. ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿ ನೋಡಬಹುದು.

ಯುರೋಪಿನಲ್ಲಿ ಇದೇ 61ನ್ನು ಫರ್ಮಾ ಸವಾಲಾಗಿ ಎಸೆದದ್ದು 1657ರಲ್ಲಿ. ಇತ್ತ ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್ ಶಾ ತೀರಿಕೊಂಡದ್ದು ಅದರ ಹಿಂದಿನ ವರ್ಷ. ಮುಂದೆ ಆಯ್ಲರ್ ಈ ಸಮೀಕರಣಕ್ಕೆ ತಪ್ಪಾಗಿ ಪೆಲ್ ಎಂಬ ಇಂಗ್ಲಿಷ್ ಗಣಿತಜ್ಞನ ಹೆಸರಿಟ್ಟ. ಬಿಡಿಸಿದವರು ಒಬ್ಬರು, ಹೆಸರು ಇನ್ನೊಬ್ಬರದು!

ಕಷ್ಟ ಇರುವುದು ಉತ್ತರದ ಗಾತ್ರದಲ್ಲಿ. ಆರ್ಕಿಮಿಡೀಸನ ಹೆಸರಿನಲ್ಲಿ ಬಂದಿರುವ 'ದನಗಳ ಲೆಕ್ಕ' ಕೂಡ ಕೊನೆಗೆ ಈ ಸಮೀಕರಣಕ್ಕೇ ಬಂದು ನಿಲ್ಲುತ್ತದೆ. ಅದರ ಉತ್ತರದಲ್ಲಿ 2,06,545 ಅಂಕಿಗಳಿವೆ. ಅದನ್ನು ಪೂರ್ತಿಯಾಗಿ ಹೊರತೆಗೆಯಲು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಮೂವರಿಗೆ 1965ರಲ್ಲಿ ಕಂಪ್ಯೂಟರ್ ಬೇಕಾಯಿತು. 61ರ ಜಾಗದಲ್ಲಿ ನೂರು ಅಂಕಿಯ ಸಂಖ್ಯೆ ಕೂರಿಸಿದರೆ ಉತ್ತರವನ್ನು ಬರೆದಿಡಲು ಭೂಮಿಯ ಮೇಲಿನ ಕಾಗದ ಸಾಲದೆ ಹೋಗಬಹುದು. ಅದಕ್ಕೇ ಗಣಿತಜ್ಞರು ಉತ್ತರವನ್ನು ಬಿಟ್ಟು, ಉತ್ತರದ ಜೋಡಿಯಿಂದ ಕಟ್ಟಿದ ಒಂದು ಮೊತ್ತದ ಲಾಗರಿದಂ ಹುಡುಕುತ್ತಾರೆ. ಇದಕ್ಕೆ ರೆಗ್ಯುಲೇಟರ್ ಎಂದು ಹೆಸರು. ಭಾಸ್ಕರರ 61ರ ಉತ್ತರಕ್ಕೆ ಅದು ಸುಮಾರು 21.985. ಅಷ್ಟು ದೊಡ್ಡ ಉತ್ತರ ಇಷ್ಟು ಪುಟ್ಟ ಅಂಕಿಯಲ್ಲಿ ಅಡಗುತ್ತದೆ. ಆದರೆ ದೊಡ್ಡ ಸಂಖ್ಯೆಗಳ ರೆಗ್ಯುಲೇಟರನ್ನು ಸಾಕಷ್ಟು ಬೇಗ ಲೆಕ್ಕ ಹಾಕುವ ದಾರಿ ಸಾಮಾನ್ಯ ಕಂಪ್ಯೂಟರಿಗೆ ಇವತ್ತಿಗೂ ಸಿಕ್ಕಿಲ್ಲ.

2002ರಲ್ಲಿ ಅಮೆರಿಕದ ಶಾನ್ ಹಾಲ್‌ಗ್ರೆನ್ ಆ ದಾರಿಯನ್ನು ಕ್ವಾಂಟಂ ಕಂಪ್ಯೂಟರಿಗಾಗಿ ಬರೆದರು. ಚಕ್ರವಾಲದಂಥ ವಿಧಾನದಲ್ಲಿ ಹೆಜ್ಜೆ ಹಾಕುತ್ತ ಹೋದರೆ ಶೇಷಗಳು ಒಂದು ಸುತ್ತು ಮುಗಿಸಿ ಮತ್ತೆ ಮರುಕಳಿಸುತ್ತವೆ. ಆ ಸುತ್ತಿನ ಉದ್ದ ಗೊತ್ತಾದರೆ ರೆಗ್ಯುಲೇಟರ್ ಗೊತ್ತಾದಂತೆ. ಹೆಜ್ಜೆ ಎಣಿಸುತ್ತ ಸುತ್ತು ಹಾಕುವುದು ಹಳೆಯ ಕ್ರಮ. ದೊಡ್ಡ ಸಂಖ್ಯೆಗೆ ಸುತ್ತು ಮುಗಿಯುವುದೇ ಇಲ್ಲ. ಹಾಲ್‌ಗ್ರೆನ್ ಕ್ರಮ ಬೇರೆ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ಹೊಡೆದರೆ ಸದ್ದು ಮತ್ತೆ ಮತ್ತೆ ಮರಳುತ್ತದಲ್ಲ. ಎರಡು ಪ್ರತಿಧ್ವನಿಗಳ ನಡುವಿನ ಬಿಡುವನ್ನು ಅಳೆದರೆ ಗುಮ್ಮಟದ ಅಡ್ಡಗಲವನ್ನು ನಡೆದು ನೋಡದೆಯೇ ಹೇಳಬಹುದು. ಕ್ವಾಂಟಂ ಅಲ್ಗಾರಿದಂ ಹೀಗೆ ಸುತ್ತಿನ ಲಯವನ್ನಷ್ಟೇ ಕೇಳಿಸಿಕೊಳ್ಳುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಸಾಮಾನ್ಯ ಬಿಟ್ 0 ಅಥವಾ 1. ಕ್ವಾಂಟಂ ಕಂಪ್ಯೂಟರಿನ ಬಿಟ್ ಆದ ಕ್ಯೂಬಿಟ್ ಎರಡರ ಮಿಶ್ರಸ್ಥಿತಿಯಲ್ಲಿ ಇರಬಲ್ಲದು. ಇಷ್ಟು ಕೇಳಿದ ಕೂಡಲೇ ಕ್ವಾಂಟಂ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಂದೇ ಏಟಿಗೆ ಪರೀಕ್ಷಿಸಿ ಸರಿಯಾದದ್ದನ್ನು ಕೊಡುತ್ತದೆ ಎಂದು ಬರೆಯುವವರು ಬಹಳ. ಅದು ನಿಜವಲ್ಲ. ಅಳೆಯಲು ಹೋದರೆ ಸಿಗುವುದು ಒಂದೇ ಉತ್ತರ, ಅದೂ ಅದೃಷ್ಟದಂತೆ. ತಪ್ಪು ಉತ್ತರಗಳ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳುವಂತೆ, ಸರಿ ಉತ್ತರದ ಅಲೆಗಳು ಕೂಡಿಕೊಂಡು ಬಲಿಯುವಂತೆ ಹೊಂದಿಸುವುದರಲ್ಲೇ ಅಲ್ಗಾರಿದಂ ಬರೆಯುವವರ ಜಾಣ್ಮೆ ಇದೆ. ಎಲ್ಲ ಲೆಕ್ಕಕ್ಕೂ ಹಾಗೆ ಹೊಂದಿಸಲು ಬರುವುದಿಲ್ಲ. ಒಳಗೊಂದು ಲಯ ಅಡಗಿರುವ ಲೆಕ್ಕಗಳಿಗೆ ಬರುತ್ತದೆ.

ಅಂಥ ಲೆಕ್ಕಗಳಲ್ಲಿ ಹೆಸರಾದದ್ದು ದೊಡ್ಡ ಸಂಖ್ಯೆಯನ್ನು ಅಪವರ್ತಿಸುವುದು. 1994ರಲ್ಲಿ ಪೀಟರ್ ಶೋರ್ ಅದರ ಅಲ್ಗಾರಿದಂ ಕೊಟ್ಟರು. ನಾವು ಆನ್‌ಲೈನಿನಲ್ಲಿ ಹಣ ಕಳಿಸುವಾಗ ಕಾವಲಿಗೆ ನಿಂತಿರುವ ಆರ್‌ಎಸ್‌ಎ ಗೂಢಲಿಪಿಯ ಭದ್ರತೆ ಇರುವುದೇ ಆ ಲೆಕ್ಕದ ಕಷ್ಟದಲ್ಲಿ. ಪೆಲ್ ಸಮೀಕರಣದ ಕುಟುಂಬದ ಲೆಕ್ಕವನ್ನು ನೆಚ್ಚಿಕೊಂಡು ಬುಕ್‌ಮನ್ ಮತ್ತು ವಿಲಿಯಮ್ಸ್ ಕಟ್ಟಿದ್ದ ಇನ್ನೊಂದು ಗೂಢಲಿಪಿಯೂ ಹಾಲ್‌ಗ್ರೆನ್ ಅಲ್ಗಾರಿದಂ ಮುಂದೆ ನಿಲ್ಲಲಾರದು. ಕಾಗದದ ಮೇಲಿನ ಈ ಬೆದರಿಕೆಯನ್ನು ಸರ್ಕಾರಗಳು ಹಗುರಾಗಿ ತೆಗೆದುಕೊಂಡಿಲ್ಲ: ಕ್ವಾಂಟಂ ದಾಳಿಗೆ ಬಗ್ಗದ ಹೊಸ ಗೂಢಲಿಪಿಗಳ ಮಾನದಂಡಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟಿನಲ್ಲೇ ಹೊರಡಿಸಿತು.

ಇನ್ನೊಂದು ಬಗೆಯ ಅಲ್ಗಾರಿದಂ ದೆಹಲಿ ಐಐಟಿಯಲ್ಲಿ ಓದಿದ ಲವ್ ಗ್ರೋವರ್ 1996ರಲ್ಲಿ ಕೊಟ್ಟದ್ದು. ಕ್ರಮವಿಲ್ಲದೆ ರಾಶಿ ಹಾಕಿದ ಹತ್ತು ಲಕ್ಷ ಪಹಣಿಗಳಲ್ಲಿ ಒಂದನ್ನು ಹುಡುಕಬೇಕೆಂದರೆ ಸರಾಸರಿ ಐದು ಲಕ್ಷ ತಿರುವಿಹಾಕಬೇಕು. ಗ್ರೋವರ್ ಅಲ್ಗಾರಿದಮ್ಮಿಗೆ 785ರಷ್ಟು ವಿಚಾರಣೆ ಸಾಕು. (ಸರ್ವೆ ನಂಬರ್ ಗೊತ್ತಿದ್ದರೆ ಇದ್ಯಾವುದೂ ಬೇಕಿಲ್ಲ, ನಾಡಕಚೇರಿಯ ಹಳೆಯ ಕಂಪ್ಯೂಟರೇ ಸಾಕು.) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪೂರ್ವ ಪಟೇಲ್ ಇದರಲ್ಲೊಂದು ವಿಚಿತ್ರ ಹೊಂದಾಣಿಕೆ ಕಂಡರು. ಗ್ರೋವರ್ ಸೂತ್ರದಂತೆ ಒಂದು ವಿಚಾರಣೆಯಲ್ಲಿ 4 ವಸ್ತುಗಳನ್ನು, ಮೂರು ವಿಚಾರಣೆಯಲ್ಲಿ ಸುಮಾರು 20 ವಸ್ತುಗಳನ್ನು ಬೇರ್ಪಡಿಸಿ ಗುರುತಿಸಬಹುದು. ಡಿಎನ್‌ಎಯ ಅಕ್ಷರಗಳು ನಾಲ್ಕು. ಮೂರು ಮೂರು ಅಕ್ಷರಗಳ ಗುಂಪು ಸೂಚಿಸುವ ಅಮೈನೋ ಆಮ್ಲಗಳು ಇಪ್ಪತ್ತು. ಜೀವಕೋಶ ಯಾವುದೋ ಕಾಲದಲ್ಲಿ ಈ ಅಲ್ಗಾರಿದಂ ಬಳಸಿರಬಹುದೇ ಎಂದು 2001ರ ಪ್ರಬಂಧದಲ್ಲಿ ಅವರು ಕೇಳಿದರು. ಸಾಬೀತಾಗದ ಊಹೆ ಅದು. ಬೆಚ್ಚಗಿನ, ಒದ್ದೆಯಾದ ಜೀವಕೋಶದಲ್ಲಿ ಕ್ವಾಂಟಂ ಸ್ಥಿತಿ ಅಷ್ಟು ಹೊತ್ತು ಉಳಿಯುತ್ತದೆಯೇ ಎಂಬ ಆಕ್ಷೇಪ ಬಲವಾಗಿಯೇ ಇದೆ. ಆದರೂ ಓದಿದವರ ತಲೆಯಲ್ಲಿ ಉಳಿಯುವಂಥ ಪ್ರಶ್ನೆ.

ಅಲ್ಗಾರಿದಮ್ಮುಗಳು ಮುಂದೆ ಓಡಿವೆ, ಯಂತ್ರಗಳು ಹಿಂದೆ ಉಳಿದಿವೆ. ಕೇಂದ್ರ ಸರ್ಕಾರ 2023ರ ಏಪ್ರಿಲಿನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಯಂತ್ರ ಕಟ್ಟುವುದು ಗುರಿ. ಬೆಂಗಳೂರಿನದೇ ಕ್ಯೂಪಿಎಐ ಕಂಪನಿ 2025ರ ಏಪ್ರಿಲಿನಲ್ಲಿ 25 ಕ್ಯೂಬಿಟ್‌ಗಳ ಯಂತ್ರ ಪ್ರಕಟಿಸಿತು. ಈಗ ಬೇಕಾದದ್ದು ಎಷ್ಟು ನೋಡಿ: ಇಂದು ಬಳಕೆಯಲ್ಲಿರುವ ಆರ್‌ಎಸ್‌ಎ ಬೀಗ ಒಡೆಯಲು ಎರಡು ಕೋಟಿ ಕ್ಯೂಬಿಟ್ ಬೇಕೆಂದು 2019ರಲ್ಲಿ ಅಂದಾಜಿತ್ತು, 2025ರಲ್ಲಿ ಗೂಗಲ್ಲಿನ ಕ್ರೇಗ್ ಗಿಡ್ನಿ ಅದನ್ನು ಹತ್ತು ಲಕ್ಷಕ್ಕಿಂತ ಕೆಳಗಿಳಿಸಿದರು. ಆರು ವರ್ಷದಲ್ಲಿ ಬೇಡಿಕೆ ಇಪ್ಪತ್ತನೇ ಒಂದಕ್ಕೆ ಇಳಿದದ್ದು ಬಹುಮಟ್ಟಿಗೆ ಅಲ್ಗಾರಿದಂ ಸಂಶೋಧನೆಯಿಂದ. ಅದಕ್ಕೆ ಕ್ಯೂಬಿಟ್‌ಗಳನ್ನು ತಣ್ಣಗಿಡುವ ಕೋಟಿಗಟ್ಟಲೆ ಬೆಲೆಯ ಶೈತ್ಯಯಂತ್ರ ಬೇಕಾಗಲಿಲ್ಲ. ಈ ಕೆಲಸ ಬೆಂಗಳೂರಿನಲ್ಲೇ ಆಗಬೇಕೆಂದೂ ಇಲ್ಲ: ಐಬಿಎಂ 2016ರಲ್ಲೇ 5 ಕ್ಯೂಬಿಟ್‌ಗಳ ಯಂತ್ರವನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿಟ್ಟಿತು. ವಿಜಯಪುರದ ಕಾಲೇಜೊಂದರ ಲ್ಯಾಬಿನಲ್ಲಿ ಕೂತು ಕಲಿಯಲು ಅಡ್ಡಿಯಿಲ್ಲ.

ಹಾಗಾದರೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ರೈತರಿಗೆ ಇದರಿಂದ ಏನು? ಬೆಳೆ, ಮಾರುಕಟ್ಟೆ, ನೀರು, ಎಲ್ಲಕ್ಕೂ ಕ್ವಾಂಟಂ ಮದ್ದು ಎನ್ನುವ ಭರವಸೆಗಳನ್ನು ಸದ್ಯ ಬದಿಗಿಡುವುದು ಲೇಸು. ತುಬಚಿ–ಬಬಲೇಶ್ವರ ಏತ ನೀರಾವರಿಯ ಪಂಪುಗಳು ಯಾವ ಹೊತ್ತಿಗೆ ಓಡಬೇಕೆಂಬ ಲೆಕ್ಕಕ್ಕೆ ಇಂದಿನ ಕಂಪ್ಯೂಟರ್ ಧಾರಾಳ. ತಿಕೋಟಾದ ದ್ರಾಕ್ಷಿಗೆ ರೋಗ ಬೀಳುವ ಮುನ್ಸೂಚನೆಗೂ ಅಷ್ಟೇ.

ಗಂಭೀರವಾದ ಸಂಬಂಧ ಇರುವುದು ತೊಗರಿ, ಕಡಲೆಯ ಬೇರಿನಲ್ಲಿ. ಗಿಡ ಕಿತ್ತು ನೋಡಿದರೆ ಬೇರಿನ ತುಂಬ ಸಣ್ಣ ಗಂಟುಗಳು. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ಗಂಟು ಕೆಲಸ ಮಾಡುತ್ತಿದೆ ಎನ್ನುವುದರ ಗುರುತು ಅದು. ಬಿತ್ತುವ ಮುನ್ನ ಬೆಲ್ಲದ ಪಾಕದಲ್ಲಿ ಕಲಸಿ ಬೀಜಕ್ಕೆ ಹಚ್ಚುವ ರೈಜೋಬಿಯಂ ಅಣುಜೀವಿಗಳು ಇಲ್ಲಿ ಬೀಡುಬಿಟ್ಟು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ಗೊಬ್ಬರವಾಗಿಸುತ್ತವೆ, ಹೊಲದ ಮಣ್ಣಿನ ಬಿಸಿಯಲ್ಲೇ. ಇದೇ ಕೆಲಸಕ್ಕೆ, ಅಂದರೆ ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಿಸಲು, ಕಾರ್ಖಾನೆಗೆ 400–500 ಡಿಗ್ರಿ ಕಾವು, ವಾತಾವರಣದ ಇನ್ನೂರು ಪಟ್ಟಿನಷ್ಟು ಒತ್ತಡ ಬೇಕು.

ಗಂಟಿನೊಳಗೆ ಈ ಕೆಲಸ ನಡೆಸುವ ಕಿಣ್ವದ ಕೇಂದ್ರದಲ್ಲಿ 7 ಕಬ್ಬಿಣ, 1 ಮಾಲಿಬ್ಡಿನಂ, 9 ಗಂಧಕ, 1 ಇಂಗಾಲದ ಪರಮಾಣುಗಳ ಪುಟ್ಟ ಗುಂಪಿದೆ. ಅದು ಸಾರಜನಕದ ಬಿಗಿಯಾದ ಬಂಧವನ್ನು ಹೇಗೆ ಬಿಡಿಸುತ್ತದೆ ಎನ್ನುವುದು ಇನ್ನೂ ಪೂರ್ತಿ ಬಿಡಿಸಿ ಹೇಳಲಾಗದ ಸಂಗತಿ. ಅದರ ಎಲೆಕ್ಟ್ರಾನುಗಳು ಒಂದಕ್ಕೊಂದು ತಳುಕಿಕೊಂಡಿರುವ ರೀತಿ ಸೂಪರ್ ಕಂಪ್ಯೂಟರುಗಳಿಗೂ ಭಾರ. ನಿಸರ್ಗವೇ ಕ್ವಾಂಟಂ ಆಗಿರುವಾಗ ಅದನ್ನು ಲೆಕ್ಕ ಹಾಕುವ ಯಂತ್ರವೂ ಹಾಗೇ ಇರಲಿ ಎಂದು 1981ರಲ್ಲಿ ರಿಚರ್ಡ್ ಫೈನ್‌ಮನ್ ವಾದಿಸಿದ್ದು ಇಂಥ ಲೆಕ್ಕಗಳಿಗಾಗಿಯೇ. 2017ರಿಂದ ಈಚೆಗೆ ಈ ಅಣುಗುಚ್ಛ ಕ್ವಾಂಟಂ ರಸಾಯನಶಾಸ್ತ್ರದ ಒರೆಗಲ್ಲಾಗಿದೆ. 2021ರ ಒಂದು ಅಂದಾಜಿನಂತೆ 40 ಲಕ್ಷ ಕ್ಯೂಬಿಟ್‌ಗಳ ಯಂತ್ರವಿದ್ದರೆ ಅದರ ಶಕ್ತಿಸ್ಥಿತಿಯ ಲೆಕ್ಕ ನಾಲ್ಕು ದಿನದೊಳಗೆ ಮುಗಿಯುತ್ತದೆ. ಅಷ್ಟರಿಂದ ಗೊಬ್ಬರದ ಬೆಲೆ ಇಳಿಯದು, ಹೊಸ ವೇಗವರ್ಧಕಕ್ಕೆ ರಸಾಯನಶಾಸ್ತ್ರಜ್ಞರು ಮತ್ತೆ ಪ್ರಯೋಗಶಾಲೆಯಲ್ಲಿ ದುಡಿಯಬೇಕು. ಸಾಮಾನ್ಯ ಕಂಪ್ಯೂಟರಿನ ಪಾಳಯದವರೂ ಕೈಕಟ್ಟಿ ಕೂತಿಲ್ಲ. ಇದೇ ಅಣುಗುಚ್ಛವನ್ನು ತಮ್ಮ ವಿಧಾನಗಳಿಂದ ಬಿಡಿಸಲು ಅವರೂ ಹಟ ಹಿಡಿದಿದ್ದಾರೆ.