ಮಿತಾಹಾರವೆಂದರೆ ಅರೆಹೊಟ್ಟೆಯಲ್ಲ

ಸದ್ಭಕ್ತರ ಮನೆಯೊಂದಕ್ಕೆ ಪಾದಪೂಜೆಗೆಂದು ಹೋಗಿದ್ದೆವು. ಎಲ್ಲರೂ ಪ್ರಸಾದಕ್ಕೆ ಕುಳಿತಿದ್ದರು. ಎಪ್ಪತ್ತು ದಾಟಿದ ತಾಯಿಯೊಬ್ಬಳು ಮಾತ್ರ ಪಡಸಾಲೆಯ ಕಂಬಕ್ಕೆ ಒರಗಿ ಒಂದು ಬಟ್ಟಲು ಗಂಜಿ ಹಿಡಿದಿದ್ದಳು. ‘ಯಾಕವ್ವ, ಊಟ ಇಲ್ಲೇನು?’ ಎಂದೆವು. ‘ಯಪ್ಪಾ, ಮುಪ್ಪಿನ ದೇಹಕ್ಕ ಇನ್ನೆಷ್ಟು ಬೇಕ್ರಿ? ಶಿವನ ಧ್ಯಾನ ಮಾಡ್ಕೋತ ಕುಂದರತೀನಿ’ ಎಂದಳು. ‘ಅವ್ವಗ ವೈರಾಗ್ಯ ಬಂದೈತ್ರಿ’ ಎಂದು ಸುತ್ತಲಿದ್ದವರು ಕೈಮುಗಿದರು. ನಾವೂ ಮೆಚ್ಚಿ ಆಶೀರ್ವದಿಸಿ ಬಂದೆವು.

ಮೂರು ತಿಂಗಳಲ್ಲಿ ಆಕೆ ಬಚ್ಚಲಲ್ಲಿ ಬಿದ್ದು ಎಲುಬು ಮುರಿದುಕೊಂಡಳು. ನೋಡಲು ಹೋದಾಗ ಸೊಸೆ ಹೇಳಿದ್ದು ಬೇರೆಯೇ. ಹಲ್ಲು ಹೋದ ಮೇಲೆ ರೊಟ್ಟಿ ಅಗಿಯಲಾಗುತ್ತಿರಲಿಲ್ಲ, ಬೇರೆ ಅಡಿಗೆ ಮಾಡೆಂದು ಕೇಳಲು ಅತ್ತೆಗೆ ಸಂಕೋಚ. ವೈರಾಗ್ಯವೆಂದು ನಾವು ಮೆಚ್ಚಿದ್ದು ಆ ಸಂಕೋಚವನ್ನು!

ಅಷ್ಟಾವರಣದಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲ ಮೂರನೆಯದು. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವ ಅನ್ನವನ್ನು ದೂರ ತಳ್ಳುವುದು ನಮ್ಮ ಮಾರ್ಗವಲ್ಲ. ಅಂಗ ಕುಸಿದರೆ ಅಂಗೈಯ ಲಿಂಗಕ್ಕೆ ಪೂಜೆ ಮಾಡುವವರಾರು? ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 1907ರಲ್ಲಿ ಜನಿಸಿ 2019ರಲ್ಲಿ, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಿತಾಹಾರಕ್ಕೂ ನಿಯಮಿತ ದಿನಚರಿಗೂ ಅವರು ಹೆಸರಾದವರು. ಆಯುಷ್ಯಕ್ಕೆ ಊಟವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಮಿತಾಹಾರವೆಂದರೆ ತುತ್ತು ಬಿಡುವುದೆಂದು ತಿಳಿಯಬಾರದು.

ವಯಸ್ಸಾದಂತೆ ಹಸಿವೆ, ಬಾಯಾರಿಕೆ ಎರಡೂ ಕುಂದುತ್ತವೆ. ದೇಹದ ಮಾಂಸಖಂಡ ಕರಗುತ್ತದೆ. ಆಗ ಬೇಕಾದುದು ಬರೀ ಗಂಜಿಯಲ್ಲ, ಕಾಳು, ಬೇಳೆ, ಹಾಲು, ಮೊಸರು. ವೃದ್ಧರಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು 1 ಗ್ರಾಂ ಸಸಾರಜನಕ ಬೇಕೆಂದು ಅನೇಕ ತಜ್ಞರ ಮತ. 50 ಕಿಲೋ ತೂಗುವವರಿಗೆ 50 ಗ್ರಾಂ. ಒಂದು ಬಟ್ಟಲು ಗಂಜಿಯಲ್ಲಿ ಅದು ಎಲ್ಲಿಂದ ಬಂದೀತು? 100 ಗ್ರಾಂ ಹೆಸರುಕಾಳಿನಲ್ಲಿ 20 ಗ್ರಾಂಗೂ ಹೆಚ್ಚಿದೆ. ಎಲುಬಿಗೆ ಸುಣ್ಣದ ಅಂಶ ಬೇಕು; 100 ಗ್ರಾಂ ರಾಗಿಯಲ್ಲಿ ಅದು 300 ಮಿಲಿಗ್ರಾಂ ಮೀರಿದೆ. ಮೂತ್ರಪಿಂಡದ ಕಾಯಿಲೆಯಿದ್ದವರು ಮಾತ್ರ ಬೇಳೆಕಾಳಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಸಸ್ಯಾಹಾರಿಗಳಾದ ನಮಗೆ ಇನ್ನೊಂದು ಎಚ್ಚರಿಕೆ. ಬಿ-12 ಜೀವಸತ್ವ ಕಾಯಿಪಲ್ಯದಲ್ಲಿ ಸಿಗುವುದಿಲ್ಲ. ಹಾಲು ಮೊಸರೇ ಆಧಾರ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ನುಂಗುವವರಲ್ಲಿ ಅದು ಇನ್ನೂ ಕಡಿಮೆಯಾಗಬಹುದು. ಪಾದ ಜೋಮುಗಟ್ಟಿದರೆ ವೈದ್ಯರಿಗೆ ತೋರಿಸಿರಿ. ಉಪ್ಪು ದಿನಕ್ಕೆ 5 ಗ್ರಾಂ ದಾಟದಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಹಿರಿಯರು ಒಪ್ಪುವುದೇ ಇಲ್ಲ!

ಸೊಸೆಗೆ ನಾವು ಹೇಳಿದ್ದಿಷ್ಟೇ: ರೊಟ್ಟಿ ಹಾಲಿನಲ್ಲಿ ನೆನೆಸು, ಜೋಳದ ನುಚ್ಚು ಮೆತ್ತಗೆ ಬೇಯಿಸು, ಬೇಳೆ ಕಿವುಚಿ ಹಾಕು, ಜೊತೆಗೆ ಕುಳಿತು ಉಣ್ಣು. ಕಳೆದ ಅಮಾವಾಸ್ಯೆಗೆ ಹೋದಾಗ ಆ ತಾಯಿ ಕೋಲೂರಿ ಬಂದು ಪಂಕ್ತಿಯಲ್ಲಿ ಕುಳಿತಳು. ‘ಇನ್ನೊಂದೀಟು ನೀಡವ್ವ’ ಎಂದು ಸೊಸೆಗೆ ಹೇಳಿದ್ದು ನಮ್ಮ ಕಿವಿಗೂ ಬಿತ್ತು.